ಕೇಪಿಗೆ ತಕ್ಕ ನಿಪ್ಪಲ್, ನಿಪ್ಪಲಿಗೆ ತಕ್ಕ ಕೇಪು

ಕಾಫಿ, ಅಡಿಕೆ, ಮೆಣಸುಗಳ ಧಾರಣೆ, ಗೊಬ್ಬರದ ದಾಸ್ತಾನು, ಕೊಳೆರೋಗದ ಔಷಧಿ ಇತ್ಯಾದಿ ವಿಚಾರಗಳಿಗೆ ಮೀಸಲಾದ ಈ ಪತ್ರಿಕೆಯಲ್ಲಿ ಕೋವಿಯ ವಿಚಾರವೇಕೆ ಬಂತೆಂದು ಕೆಲವು ಸದಸ್ಯ ಬಾಂಧವರು ಕೇಳಬಹುದು. ನಮ್ಮ ಉತ್ತರ ಸರಳವಾದುದು. ನಮ್ಮ ಸದಸ್ಯರಲ್ಲಿ ಬಹುಮಂದಿ ಎರಡು, ಮೂರು, ಹೆಚ್ಚೆಂದರೆ ಐದು ಎಕರೆಯ ಹಿಡುವಳಿದಾರರು. ಅವರಲ್ಲಿ ಅನೇಕರ ಮನೆಯ ಗೋಡೆಯ ಮೇಲೆ ಒಂದು ಕೇಪಿನ ಕೋವಿ ಇದೆ. ವರ್ಷದ ಹನ್ನೊಂದು ತಿಂಗಳು ಅದು ಗೋಡೆಯ ಮೇಲೆಯೇ ಇರುತ್ತದೆ. ಆಯುಧಪೂಜೆಯ ದಿನ ಅದನ್ನು ಕೆಳಗಿಳಿಸಿ, ಒರೆಸಿ, ಕುಂಕುಮ ಹಚ್ಚಿ, ಹೂ ಮುಡಿಸುತ್ತೇವೆ. ಕೊಡಗಿನವರು ಕೈಲ್‌ಪೊಳ್ದಿನಂದು ಇನ್ನೂ ಹೆಚ್ಚಿನ ಗೌರವ ಸಲ್ಲಿಸುತ್ತಾರೆ. ಆದರೆ ಆ ಕೋವಿಯ ಹಿಂಭಾಗದಲ್ಲಿ ಕುದುರೆಯ ಕೆಳಗೆ ಅವಿತು ಕುಳಿತಿರುವ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ನಿಪ್ಪಲನ್ನು ಕಣ್ಣಿಟ್ಟು ನೋಡುವವರು ಎಷ್ಟು ಮಂದಿ? ನಮ್ಮ ಅನುಭವದಲ್ಲಿ ನೂರಕ್ಕೆ ಹತ್ತು ಮಂದಿಯೂ ಇಲ್ಲ.

ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ನಾವೆಲ್ಲರೂ ತೂಗಿ ಹಾಕುತ್ತೇವೆ. ಸುಣ್ಣ ಹೆಚ್ಚುಕಡಿಮೆಯಾದೀತೆಂದು ಕುಡುಗೋಲನ್ನು ಅದ್ದಿ ಪರೀಕ್ಷಿಸುತ್ತೇವೆ. ಅಂಥ ಎಚ್ಚರದ ಜನರೇ ಕೋವಿಯ ವಿಚಾರ ಬಂದಾಗ ಅಂಗಡಿಯವನು ಕೊಟ್ಟ ಯಾವುದೋ ಡಬ್ಬಿಯ ಕೇಪನ್ನು ಯಾವುದೋ ನಿಪ್ಪಲಿನ ಮೇಲೆ ಒತ್ತಿ ಕೂರಿಸಿ, ಹೊತ್ತಿದರೆ ಪುಣ್ಯ ಎನ್ನುತ್ತಾರೆ. ಈ ಉದಾಸೀನ ಸರಿಯಲ್ಲ ಎಂಬುದೇ ಈ ಲೇಖನದ ತಾತ್ಪರ್ಯ. ಕೇಪೂ ನಿಪ್ಪಲೂ ಬೀಗ ಮತ್ತು ಬೀಗದ ಕೈ ಇದ್ದಂತೆ, ಒಂದು ಜೊತೆ. ಬಿಡಿಬಿಡಿಯಾಗಿ ಎಷ್ಟೇ ಒಳ್ಳೆಯದಾಗಿದ್ದರೂ ಒಂದಕ್ಕೊಂದು ಹೊಂದದಿದ್ದರೆ ಎರಡೂ ನಿರುಪಯೋಗಿ. ನಿರುಪಯೋಗಿ ಮಾತ್ರವಲ್ಲ, ಅಪಾಯಕಾರಿ.

ಈ ಕೋವಿ ನಮಗೆ ಏಕೆ ಬೇಕು

ಕೇಪಿನ ಕೋವಿ ಹಳೆಯ ಕಾಲದ್ದು, ಅದನ್ನು ಬಿಟ್ಟು ತೋಟಾ ಕೋವಿ ಕೊಳ್ಳಬಾರದೇ ಎಂದು ಪಟ್ಟಣದ ಮಿತ್ರರು ಕೇಳುವುದುಂಟು. ಕೊಳ್ಳಬಹುದು, ಹಣವಿದ್ದವರು ಕೊಂಡಿದ್ದಾರೆ. ಆದರೆ ಸಣ್ಣ ಬೆಳೆಗಾರನ ಪಾಲಿಗೆ ಕೇಪಿನ ಕೋವಿಯೇ ಕಾನೂನು ಹೆಸರಿಟ್ಟು ಹೇಳಿದ ಆಯುಧವಾಗಿದೆ. 1959ರ ಆಯುಧ ಕಾಯ್ದೆಯ 13ನೆಯ ಕಲಮಿನಲ್ಲಿ, ನಿಜವಾದ ಬೆಳೆರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ವಿಚಾರ ಪ್ರತ್ಯೇಕವಾಗಿ ನಮೂದಾಗಿದೆ. ನಮ್ಮ ಸದಸ್ಯರ ಬಳಿ ಇರುವ ಹೆಚ್ಚಿನ ಲೈಸೆನ್ಸುಗಳು ಈ ಬಗೆಯವು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಲೈಸೆನ್ಸ್ ಇರಲಿ, ವಿನಾಯಿತಿ ಇರಲಿ, ನಿಪ್ಪಲಿಗೆ ಇವೆರಡರ ವ್ಯತ್ಯಾಸ ತಿಳಿಯದು. ಹೊಂದದ ಕೇಪು ಎಲ್ಲರ ಕೈಯಲ್ಲೂ ಒಂದೇ ರೀತಿ ಕೈಕೊಡುತ್ತದೆ.

ಇಲ್ಲಿಯೇ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿಬಿಡುತ್ತೇವೆ. ಬೆಳೆರಕ್ಷಣೆಯ ಲೈಸೆನ್ಸ್ ಎಂದರೆ ಶಿಕಾರಿಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಬೇಕಾದರೂ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ನಮ್ಮಲ್ಲಿ ಬಹುಪಾಲು ಈಡುಗಳು ಸದ್ದಿಗಾಗಿ ಹಾರುವವು. ಬಾಳೆಯ ಬುಡ ಅಗೆಯುವ ಹಂದಿಯನ್ನೋ, ಎಳೆ ಅಡಿಕೆ ಉದುರಿಸುವ ಮಂಗನ ಹಿಂಡನ್ನೋ ಬೆದರಿಸಿ ಓಡಿಸಲು ಮದ್ದು ಮಾತ್ರ ತುಂಬಿದ ಈಡು ಸಾಕು. ಆನೆಯ ಮುಂದೆ ಈ ಕೋವಿ ಹಿಡಿದು ನಿಲ್ಲುವ ಸಾಹಸವನ್ನಂತೂ ಯಾರೂ ಮಾಡಬಾರದು. ಆದರೆ ಸದ್ದಿಗಾಗಿಯೇ ಇರಲಿ, ಅಪ್ಪಣೆ ಪಡೆದು ಹೊಡೆಯುವುದಕ್ಕಾಗಿಯೇ ಇರಲಿ, ಕುದುರೆ ಬಿದ್ದಾಗ ಕೋವಿ ಹಾರಬೇಕು, ಬೀಳದಿದ್ದಾಗ ಹಾರಕೂಡದು. ಈ ಎರಡೂ ನೆರವೇರುವುದು ಕೇಪು ನಿಪ್ಪಲಿನ ಮೇಲೆ ಸರಿಯಾಗಿ ಕುಳಿತಾಗ ಮಾತ್ರ.

ಕೇಪು ಕೆಲಸ ಮಾಡುವ ಬಗೆ

ಕೇಪು ಎಂದರೆ ತಾಮ್ರದ ಅಥವಾ ಹಿತ್ತಾಳೆಯ ಪುಟ್ಟ ಬಟ್ಟಲು. ಅದರ ತಳದಲ್ಲಿ ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದ ತೆಳ್ಳನೆಯ ಲೇಪವಿದೆ. ನಿಪ್ಪಲ್ ಎಂಬುದು ನಳಿಗೆಯ ಬುಡಕ್ಕೆ ಮರೆಯಿಂದ ತಿರುಗಿಸಿ ಕೂರಿಸಿದ ಉಕ್ಕಿನ ಮೊನೆ. ಅದರ ನಡುವೆ ಸೂಜಿ ಹೋಗುವಷ್ಟು ರಂಧ್ರ. ಕುದುರೆ ಬಿದ್ದಾಗ ಕೇಪಿನ ತಳವು ಕುದುರೆಗೂ ನಿಪ್ಪಲಿನ ತುದಿಗೂ ನಡುವೆ ಅಪ್ಪಚ್ಚಿಯಾಗಿ ಕಿಡಿ ಹೊರಡುತ್ತದೆ. ಆ ಕಿಡಿ ರಂಧ್ರದ ಮೂಲಕ ಇಳಿದು ಮದ್ದನ್ನು ಹೊತ್ತಿಸುತ್ತದೆ.

ಪೆಟ್ಟಿನಿಂದ ಮದ್ದು ಹೊತ್ತಿಸುವ ಉಪಾಯವನ್ನು ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗಳು. ಅದಕ್ಕೆ ಮುಂಚೆ ಚಕಮಕಿ ಕಲ್ಲಿನ ಕೋವಿಯಲ್ಲಿ ಮಳೆ ಬಂದರೆ ಮದ್ದು ಒದ್ದೆಯಾಗುತ್ತಿತ್ತು, ಗಾಳಿ ಬಂದರೆ ಹಾರಿಹೋಗುತ್ತಿತ್ತು. ತಾಮ್ರದ ಕೇಪು ಬಳಕೆಗೆ ಬಂದದ್ದು ಆಮೇಲಿನ ಹದಿನೈದಿಪ್ಪತ್ತು ವರ್ಷಗಳಲ್ಲಿ. ಮಳೆಯಲ್ಲೂ ಹಾರುವ ಕೋವಿ ಎಂಬ ಕಾರಣಕ್ಕೇ ಅದು ಜಗತ್ತಿನಲ್ಲೆಲ್ಲ ಹರಡಿತು. ಮಲೆನಾಡಿಗೆ ಇದಕ್ಕಿಂತ ಒಪ್ಪುವ ಗುಣ ಬೇರೆ ಯಾವುದು? ಆದರೆ ಈ ಗುಣ ಕೇಪು ನಿಪ್ಪಲನ್ನು ಬಿಗಿಯಾಗಿ ಅಪ್ಪಿಕೊಂಡಿದ್ದರೆ ಮಾತ್ರ ಉಂಟು. ಸಂದಿಯಿದ್ದರೆ ಆ ಸಂದಿಯಲ್ಲಿ ಇಬ್ಬನಿಯೂ ಮಳೆಯ ಹನಿಯೂ ಧಾರಾಳವಾಗಿ ಇಳಿಯುತ್ತವೆ.

ನಂಬರು ಎಂಬ ಮಾಯೆ

ಕೇಪಿನ ಡಬ್ಬಿಯ ಮೇಲೆ 10, 11 ಎಂಬ ನಂಬರು ಇರುತ್ತದೆ. ಇದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ, ತಯಾರಕರ ರೂಢಿಯ ಹೆಸರು. 11ನೆಯ ನಂಬರಿನ ಕೇಪಿನ ಒಳ ಅಗಲ ಸುಮಾರು 4.2 ಮಿ.ಮೀ. 10ನೆಯದು ಅದಕ್ಕಿಂತ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಕಿರಿದು. ಅಂದರೆ ತಾವು ಓದುತ್ತಿರುವ ಈ ಕಾಗದದ ದಪ್ಪದಷ್ಟು ವ್ಯತ್ಯಾಸ. ಕಣ್ಣಿಗೆ ಕಾಣದು, ಬೆರಳಿಗೂ ಸುಲಭವಾಗಿ ತಿಳಿಯದು. ಆದರೆ ಉಕ್ಕಿಗೆ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಡಕೆಂದರೆ, ಒಂದು ಕಂಪನಿಯ 11 ಮತ್ತೊಂದು ಕಂಪನಿಯ 11ಕ್ಕೆ ಸಮನಾಗಿರುವುದಿಲ್ಲ. ಚಪ್ಪಲಿಯ ನಂಬರಿನ ಹಾಗೆಯೇ ಇದೂ. ಒಂದು ಅಂಗಡಿಯ ಏಳು ಸರಿಯಾಗಿ ಕೂತರೆ ಇನ್ನೊಂದು ಅಂಗಡಿಯ ಏಳು ಹಿಮ್ಮಡಿ ಕಚ್ಚುತ್ತದೆ. ಅಗಲ ಒಂದೇ ಇದ್ದು ಉದ್ದ ಬೇರೆಯಾದ ಕೇಪುಗಳೂ ಇವೆ. ಜರ್ಮನಿಯ ಆರ್‌ಡಬ್ಲ್ಯೂಎಸ್ ಕಂಪನಿಯವರು ತಮ್ಮ ಕೇಪಿಗೆ 1075 ಎಂಬ ಸಂಖ್ಯೆ ಕೊಟ್ಟಿದ್ದಾರೆ. ಅದು ಅವರ ಸರಕಿನ ಸಂಖ್ಯೆಯೇ ಹೊರತು ಅಳತೆಯಲ್ಲ. ಅಮೆರಿಕದ ಸಿಸಿಐಯವರ ಡಬ್ಬಿಯ ಮೇಲೆ ‘ಮ್ಯಾಗ್ನಮ್’ ಎಂದಿದ್ದರೆ ಕಿಡಿ ಜೋರು ಎಂದರ್ಥ, ಕೇಪು ದೊಡ್ಡದೆಂದಲ್ಲ. ಇನ್ನು ಸೈನ್ಯದ ಹಳೆಯ ಕೋವಿಗಳಿಗೆಂದು ಮಾಡಿದ ದೊಡ್ಡ ಕೇಪಿನ ಒಳ ಅಗಲವೇ ಸುಮಾರು 6 ಮಿ.ಮೀ. ಅದಕ್ಕೆ ಟೋಪಿಯಂತೆ ಅಂಚು ಬೇರೆ. ಅದರ ನಿಪ್ಪಲೂ ದೊಡ್ಡದು. ಅಂಥ ನಿಪ್ಪಲಿರುವ ಹಳೆಯ ಕೋವಿಗೆ 11ನೆಯ ನಂಬರಿನ ಕೇಪು ತಂದು, ‘ಈಗಿನ ಮಾಲೇ ಹೀಗೆ’ ಎಂದು ಹಳಿದರೆ ಅಂಗಡಿಯವನೇನು ಮಾಡಿಯಾನು?

ನಿಪ್ಪಲುಗಳ ಕಥೆಯೂ ಇದಕ್ಕಿಂತ ಉತ್ತಮವಲ್ಲ. ಅಜ್ಜನ ಕಾಲದ ಕೋವಿಗಳಲ್ಲಿ ಮೂಲದ ನಿಪ್ಪಲ್ ಉಳಿದಿರುವುದು ಅಪರೂಪ. ನಡುವೆ ಎರಡು ಮೂರು ಬಾರಿಯಾದರೂ ಯಾರೋ ಬದಲಾಯಿಸಿರುತ್ತಾರೆ. ಲೇತಿನಲ್ಲಿ ತಿರುಗಿಸಿದ್ದು ಒಂದು, ಅರದಿಂದ ಉಜ್ಜಿ ಸರಿಮಾಡಿದ್ದು ಇನ್ನೊಂದು. ಜೋಡು ನಳಿಗೆಯ ಕೋವಿಯಲ್ಲಿ ಎಡದ ನಿಪ್ಪಲ್ ಒಂದು ಅಳತೆ, ಬಲದ್ದು ಇನ್ನೊಂದು ಅಳತೆ ಇರುವುದನ್ನೂ ನಾವು ನೋಡಿದ್ದೇವೆ.

ಬಿಗಿಯಾದರೆ ಒಂದು ತೊಂದರೆ, ಸಡಿಲವಾದರೆ ಇನ್ನೊಂದು

ಮೊದಲು ಬಿಗಿಯಾದ ಕೇಪಿನ ವಿಚಾರ. ನಿಪ್ಪಲ್ ದಪ್ಪಗಿದ್ದು ಕೇಪು ಕಿರಿದಾಗಿದ್ದರೆ ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಕೇಪಿನ ತಳಕ್ಕೂ ನಿಪ್ಪಲಿನ ತುದಿಗೂ ನಡುವೆ ಕೂದಲೆಳೆಯಷ್ಟು ಜಾಗ ಉಳಿಯುತ್ತದೆ. ಕುದುರೆ ಬಿದ್ದಾಗ ಅದರ ಬಲವೆಲ್ಲ ಕೇಪನ್ನು ಕೆಳಕ್ಕೆ ತಳ್ಳುವುದಕ್ಕೇ ಖರ್ಚಾಗುತ್ತದೆ. ‘ಟಿಕ್’ ಎಂಬ ಸದ್ದು ಬರುತ್ತದೆ, ಕೋವಿ ಹಾರುವುದಿಲ್ಲ. ಎರಡನೆಯ ಸಲ ಕುದುರೆ ಎಳೆದು ಬಿಟ್ಟರೆ ಹಾರುತ್ತದೆ, ಏಕೆಂದರೆ ಮೊದಲ ಪೆಟ್ಟು ಕೇಪನ್ನು ಕೂರಿಸಿಕೊಟ್ಟಿದೆ. ಸಂಘದ ಕಚೇರಿಗೆ ಬಂದು, “ಸೆಕ್ರೆಟ್ರಿಯವರೇ, ಈ ಸಲದ ಕೇಪು ಸರಿಯಿಲ್ಲ, ಎರಡೆರಡು ಸಲ ಹೊಡೆಯಬೇಕು” ಎಂದು ದೂರುವ ಸದಸ್ಯರಿಗೆಲ್ಲ ನಾವು ಹೇಳುವುದು ಒಂದೇ. ಮೊದಲ ಪೆಟ್ಟಿಗೆ ಹಾರದೆ ಎರಡನೆಯ ಪೆಟ್ಟಿಗೆ ತಪ್ಪದೆ ಹಾರುವ ಕೇಪು ಕೆಟ್ಟ ಕೇಪಲ್ಲ. ಅದು ತನ್ನದಲ್ಲದ ನಿಪ್ಪಲಿನ ಮೇಲೆ ಕುಳಿತಿರುವ ಒಳ್ಳೆಯ ಕೇಪು.

ಬಿಗಿ ಕೇಪನ್ನು ಕೆಳಗಿಳಿಸಲು ಕೆಲವರು ಕುದುರೆಯನ್ನೇ ಹೆಬ್ಬೆರಳಿನಿಂದ ಹಿಡಿದು ಕೇಪಿನ ಮೇಲೆ ಒತ್ತುತ್ತಾರೆ. ಇನ್ನು ಕೆಲವರು ಕತ್ತಿಯ ಹಿಡಿಯಿಂದ ತಟ್ಟುತ್ತಾರೆ. ಮದ್ದು ತುಂಬಿದ ಕೋವಿಯಲ್ಲಿ ಇದಕ್ಕಿಂತ ಅವಿವೇಕ ಬೇರೊಂದಿಲ್ಲ. ಪೆಟ್ಟಿಗೆ ಸಿಡಿಯುವುದೇ ಕೇಪಿನ ಸ್ವಭಾವ, ಪೆಟ್ಟು ಯಾರು ಕೊಟ್ಟರೆಂದು ಅದು ವಿಚಾರಿಸುವುದಿಲ್ಲ.

ಸಡಿಲ ಕೇಪಿನ ತೊಂದರೆ ಬೇರೆ ಬಗೆಯದು. ನಿಪ್ಪಲ್ ಸವೆದು ಸಣ್ಣದಾಗಿದ್ದರೆ ಕೇಪು ಅಲ್ಲಾಡುತ್ತದೆ. ಕತ್ತಲಲ್ಲಿ ತೋಟದ ಕಪ್ಪು ದಾಟುವಾಗ ಬಿದ್ದುಹೋಗುತ್ತದೆ. ಜೋಡು ನಳಿಗೆಯಲ್ಲಿ ಒಂದನ್ನು ಹಾರಿಸಿದ ಒದೆತಕ್ಕೆ ಇನ್ನೊಂದರ ಕೇಪು ಉದುರುತ್ತದೆ. ಇದಕ್ಕೆ ನಮ್ಮವರ ಪರಿಹಾರವೆಂದರೆ ಕೇಪನ್ನು ಬೆರಳಿನಲ್ಲಿ ಅದುಮಿ ಚಪ್ಪಟೆ ಮಾಡಿ ಕೂರಿಸುವುದು. ಹಲ್ಲಿನಲ್ಲಿ ಕಚ್ಚುವವರೂ ಇದ್ದಾರೆ! ಹಾಗೆ ಅದುಮಿದ ಕೇಪು ಎರಡು ಕಡೆ ಹಿಡಿದುಕೊಂಡು ಉಳಿದೆರಡು ಕಡೆ ಬಾಯಿ ತೆರೆದಿರುತ್ತದೆ. ಮಳೆಗಾಲದಲ್ಲಿ ಅದರೊಳಗೆ ತೇವ ಇಳಿಯುತ್ತದೆ. ಹಾರಿದಾಗ ಬೆಂಕಿಯೂ ಲೋಹದ ಚೂರೂ ಬಾಯಿ ತೆರೆದ ಕಡೆಯಿಂದ ಹೊರಕ್ಕೆ ಚಿಮ್ಮುತ್ತವೆ. ಆ ಕಡೆಯಲ್ಲಿರುವುದು ಗುರಿಯಿಟ್ಟವನ ಕಣ್ಣು, ಇಲ್ಲವೇ ಪಕ್ಕದಲ್ಲಿ ಬ್ಯಾಟರಿ ಹಿಡಿದು ನಿಂತವನ ಮುಖ.

ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಆದದ್ದೂ ಇದೇ. ಕೇಪಿನ ಚೂರು ಬ್ಯಾಟರಿ ಹಿಡಿದಿದ್ದ ಹುಡುಗನ ಹುಬ್ಬಿನ ಕೆಳಗೆ ನಾಟಿತು. ವೈದ್ಯರು ಅದನ್ನು ತೆಗೆದರು, ಕಣ್ಣು ಉಳಿಯಿತು. ಅರ್ಧ ಅಂಗುಲ ಕೆಳಗಾಗಿದ್ದರೆ ಆ ಹುಡುಗನ ಮನೆಯವರಿಗೆ ನಾವೆಲ್ಲ ಸೇರಿ ಏನು ಉತ್ತರ ಹೇಳಬಹುದಿತ್ತು? ಆ ಕೋವಿಯನ್ನು ನಾವು ಆಮೇಲೆ ನೋಡಿದೆವು. ನಿಪ್ಪಲಿನ ತುದಿ ಅಣಬೆಯಂತೆ ಚಪ್ಪಟೆಯಾಗಿ, ರಂಧ್ರ ಉರಿದು ಎರಡರಷ್ಟು ಅಗಲವಾಗಿತ್ತು. ಹಾಗೆ ಅಗಲವಾದ ರಂಧ್ರದಿಂದ ಮದ್ದಿನ ಹೊಗೆ ಹಿಂದಕ್ಕೆ ನುಗ್ಗಿ ಕುದುರೆಯನ್ನೇ ಮೇಲಕ್ಕೆ ಒದೆಯುತ್ತದೆ. ಹಾರಿಸಿದ ಮೇಲೆ ಕುದುರೆ ತಾನಾಗಿ ಅರ್ಧ ಎದ್ದು ನಿಂತಿದ್ದರೆ ನಿಪ್ಪಲಿನ ಆಯಸ್ಸು ಮುಗಿಯಿತೆಂದೇ ತಿಳಿಯಬೇಕು.

ಹೊಂದಿಕೆ ನೋಡುವ ಕ್ರಮ

ಇದಕ್ಕೆ ದೊಡ್ಡ ಸಲಕರಣೆ ಬೇಡ. ಹಗಲು ಹೊತ್ತಿನಲ್ಲಿ, ಮಕ್ಕಳನ್ನು ದೂರವಿಟ್ಟು, ಸಮಾಧಾನದಿಂದ ಮಾಡಬೇಕಾದ ಕೆಲಸವಿದು.

ಮೊಟ್ಟಮೊದಲು ಕೋವಿ ಖಾಲಿಯಿದೆಯೇ ಎಂದು ಗಜ ಹಾಕಿ ನೋಡಬೇಕು. ಗಜವನ್ನು ನಳಿಗೆಯ ತಳ ಮುಟ್ಟುವವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಬೆರಳಿಟ್ಟು ಹೊರತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿದರೆ ಅದರ ತುದಿ ಹೆಚ್ಚುಕಡಿಮೆ ನಿಪ್ಪಲಿನ ಬುಡದವರೆಗೆ ಬರಬೇಕು. ನಾಲ್ಕು ಬೆರಳು ಮುಂದೆಯೇ ನಿಂತರೆ ಒಳಗೆ ಹಳೆಯ ಈಡು ಉಳಿದಿದೆ ಎಂದರ್ಥ. ‘ಹೋದ ವರ್ಷವೇ ಖಾಲಿ ಮಾಡಿದ್ದೇನೆ’ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ, ಗಜ ಹೇಳಿದ್ದನ್ನು ಮಾತ್ರ ನಂಬಿ.

ಎರಡನೆಯದಾಗಿ, ಕೋವಿಯ ಬಾಯಿಯನ್ನು ನಿರಪಾಯವಾದ ದಿಕ್ಕಿಗೆ ಹಿಡಿದು ಹೊಸ ಕೇಪನ್ನು ಹೆಬ್ಬೆರಳಿನಿಂದ ಮಾತ್ರ ಒತ್ತಿ ಕೂರಿಸಿ. ಸಾಧಾರಣ ಒತ್ತಿಗೆ ಅದು ಕೊನೆಯವರೆಗೆ ಇಳಿದು ತಳ ಮುಟ್ಟಬೇಕು. ಕೋವಿಯನ್ನು ತಲೆಕೆಳಗು ಮಾಡಿ ಮೆಲ್ಲಗೆ ಅಲ್ಲಾಡಿಸಿದರೆ ಬೀಳಬಾರದು. ಬೆರಳಿನಿಂದ ತಿರುಗಿಸಿದರೆ ಗಿರಗಿರನೆ ತಿರುಗಬಾರದು. ಕೂರಿಸುವಾಗಲೇ ಅಂಚು ಸೀಳಿದರೆ ಕೇಪು ಕಿರಿದೆಂದು ತಿಳಿಯಿರಿ. ಆಳ ನೋಡಲೆಂದು ಕೇಪಿನೊಳಗೆ ತಂತಿ, ಸೂಜಿ, ಕಡ್ಡಿ ಇತ್ಯಾದಿ ಏನನ್ನೂ ತೂರಿಸಕೂಡದು.

ಮೂರನೆಯದಾಗಿ, ಬಯಲಿನಲ್ಲಿ, ಖಾಲಿ ಕೋವಿಯ ಬಾಯಿಯನ್ನು ನೆಲದ ಮೇಲಿನ ಒಂದು ಒಣ ಎಲೆಗೆ ಗೇಣು ದೂರದಲ್ಲಿ ಹಿಡಿದು ಕೇಪು ಹಾರಿಸಿ. ಕಣ್ಣಿಗೆ ಕನ್ನಡಕ ಇರಲಿ. ಮೊದಲ ಪೆಟ್ಟಿಗೇ ಹೊತ್ತಬೇಕು, ಎಲೆ ಅಲುಗಬೇಕು. ಹೊತ್ತಿಯೂ ಎಲೆ ಅಲುಗದಿದ್ದರೆ ರಂಧ್ರ ಕಟ್ಟಿಕೊಂಡಿದೆ. ಮೊದಲ ಪೆಟ್ಟಿಗೆ ಹೊತ್ತದಿದ್ದರೆ ಹೊಂದಿಕೆ ತಪ್ಪಿದೆ, ಇಲ್ಲವೇ ಕುದುರೆಯ ಸ್ಪ್ರಿಂಗ್ ಸೋತಿದೆ. ಐದು ಕೇಪುಗಳಲ್ಲಿ ಐದೂ ಮೊದಲ ಪೆಟ್ಟಿಗೆ ಹೊತ್ತಿದರೆ ಆ ಕಂಪನಿಯ ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಲೈಸೆನ್ಸ್ ಪುಸ್ತಕದ ಜೊತೆ ಇಡಿ. ಮುಂದಿನ ಸಲ ಅಂಗಡಿಯಲ್ಲಿ ‘ಕೇಪು ಕೊಡಿ’ ಎನ್ನುವ ಬದಲು ಆ ಚೀಟಿ ತೋರಿಸಿ.

ಹೊಂದದಿದ್ದರೆ ಏನು ಮಾಡಬೇಕು? ಬೇರೆ ಕೇಪು ಹುಡುಕುವುದು ಒಂದು ದಾರಿ. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಆಯ್ಕೆಗೆ ಅವಕಾಶವೇ ಕಡಿಮೆ. ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ, ವರ್ಷಾವರ್ಷ ಸಿಗುವ ಕೇಪು ಯಾವುದೆಂದು ನೋಡಿಕೊಂಡು ಅದಕ್ಕೆ ಹೊಂದುವ ನಿಪ್ಪಲನ್ನು ಹಾಕಿಸುವುದೇ ಮೇಲು. ಕೇಪು ಒಂದು ಸಲಕ್ಕೆ ಮುಗಿಯುವ ವಸ್ತು. ನಿಪ್ಪಲ್ ಅನೇಕ ವರ್ಷ ಬಾಳುತ್ತದೆ. ಈ ಕೆಲಸವನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಯಲ್ಲೇ ಮಾಡಿಸಬೇಕು. ದಪ್ಪ ನಿಪ್ಪಲನ್ನು ಹೊರತೆಗೆದು ಲೇತಿಗೆ ಕೊಟ್ಟು ನಯವಾಗಿ ಸವೆಸಿದರೆ ಸಾಕಾಗುತ್ತದೆ. ಸವೆದು ಸಣ್ಣದಾದುದನ್ನು ಮಾತ್ರ ಬದಲಾಯಿಸಲೇಬೇಕು.

ಬದಲಾಯಿಸುವಾಗ ಮರೆಯ ಬಗ್ಗೆ ಎಚ್ಚರ ಅಗತ್ಯ. ಕಾಲು ಇಂಚಿನ ಮರೆಯೂ 6 ಮಿಲಿಮೀಟರಿನ ಮರೆಯೂ ನೋಡಲು ಅಣ್ಣತಮ್ಮಂದಿರಂತಿವೆ. ಕಾಲು ಇಂಚೆಂದರೆ 6.35 ಮಿ.ಮೀ. 6 ಮಿಲಿಮೀಟರಿನ ನಿಪ್ಪಲ್ ಕಾಲು ಇಂಚಿನ ತೂತಿಗೆ ಸಡಿಲವಾಗಿ ಇಳಿಯುತ್ತದೆ. ದಾರ ಸುತ್ತಿ, ಅಂಟು ಹಾಕಿ ಕೂರಿಸಿದವರನ್ನು ಕಂಡಿದ್ದೇವೆ. ಅಂಥ ನಿಪ್ಪಲ್ ಒಂದು ದಿನ ಈಡಿನ ಒತ್ತಡಕ್ಕೆ ಕಿತ್ತುಬಂದರೆ ಅದು ಹಿಂದಕ್ಕೆ ಹಾರುವ ಗುಂಡೇ ಸರಿ. ಇನ್ನು ಕಾಲು ಇಂಚಿನದನ್ನು 6 ಮಿಲಿಮೀಟರಿನ ತೂತಿಗೆ ಬಲವಂತದಿಂದ ತಿರುಗಿಸಿದರೆ ನಳಿಗೆಯ ಮರೆಯೇ ಕೆಡುತ್ತದೆ. ನಿಪ್ಪಲ್ ಕೆಟ್ಟರೆ ಬದಲಾಯಿಸಬಹುದು, ನಳಿಗೆ ಕೆಟ್ಟರೆ ಕೋವಿಯೇ ಹೋಯಿತು.

ಹಾರದ ಈಡು

ಎಷ್ಟೇ ಎಚ್ಚರವಿದ್ದರೂ ಒಮ್ಮೊಮ್ಮೆ ಈಡು ಹಾರದೆ ಹೋಗುವುದುಂಟು. ಆಗ ನಡೆದುಕೊಳ್ಳುವ ರೀತಿಯಲ್ಲಿ ಜೀವ ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. ಕೇಪು ಸಿಡಿದು ಮದ್ದು ತಡವಾಗಿ ಹೊತ್ತುವ ಸಂಭವವಿದೆ. ಆದ್ದರಿಂದ ಕೋವಿಯ ಬಾಯಿಯನ್ನು ನಿರಪಾಯವಾದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಹಾಗೆಯೇ ನಿಲ್ಲಬೇಕು. ನೂರು ಎಣಿಸಿದರೆ ಇನ್ನೂ ಒಳ್ಳೆಯದು. ಆಮೇಲೆ ಹೊಸ ಕೇಪು ಹಾಕಿ ನೋಡಬೇಕು. ಯಾವ ಕಾರಣಕ್ಕೂ ನಳಿಗೆಯ ಬಾಯಿಗೆ ಮುಖವಿಟ್ಟು ಇಣುಕಕೂಡದು. ಹಂದಿ ಎದುರಿಗಿದೆಯೆಂದು ಅವಸರ ಮಾಡಕೂಡದು. ಹಂದಿ ತಿಂದ ಬಾಳೆ ಬರುವ ವರ್ಷ ಮತ್ತೆ ಬೆಳೆಯುತ್ತದೆ.

ತೇವ, ತುಕ್ಕು ಮತ್ತು ಠಾಣೆ

ಮದ್ದು ಉರಿದ ಮೇಲೆ ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ಬಗೆಯ ಕೇಪುಗಳಂತೂ ಉಪ್ಪಿನಂಥ ಕಿಟ್ಟವನ್ನೇ ಬಿಟ್ಟುಹೋಗುತ್ತವೆ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಸಾಕು, ನಿಪ್ಪಲಿನ ರಂಧ್ರಕ್ಕೆ ತುಕ್ಕು ಹಿಡಿಯುತ್ತದೆ. ಹಾರಿಸಿದ ದಿನವೇ ನಳಿಗೆಯನ್ನೂ ನಿಪ್ಪಲನ್ನೂ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಬೇಕು. ಮುಂದಿನ ಸಲ ಈಡು ತುಂಬುವ ಮೊದಲು ಆ ಎಣ್ಣೆಯನ್ನು ಒರೆಸಿ ಖಾಲಿ ಕೋವಿಯಲ್ಲಿ ಎರಡು ಕೇಪು ಹಾರಿಸಬೇಕು. ಇಲ್ಲದಿದ್ದರೆ ರಂಧ್ರದಲ್ಲಿ ನಿಂತ ಎಣ್ಣೆಯೇ ಮದ್ದನ್ನು ಒದ್ದೆ ಮಾಡುತ್ತದೆ.

ಚುನಾವಣೆ ಬಂದಾಗಲೆಲ್ಲ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದು ನಮಗೆಲ್ಲ ತಿಳಿದದ್ದೇ. ವಾರಗಟ್ಟಲೆ ಗೋಡೆಗೊರಗಿ ನಿಂತ ಕೋವಿ ಹಿಂದಕ್ಕೆ ಬರುವಾಗ ತುಕ್ಕು ಹಿಡಿದಿತ್ತೆಂದು ಪ್ರತಿ ಚುನಾವಣೆಯ ನಂತರವೂ ದೂರು ಕೇಳುತ್ತೇವೆ. ಬೆಳೆಯಿರುವ ಕಾಲದಲ್ಲಿ ಬೆಳೆರಕ್ಷಣೆಯ ಕೋವಿಯನ್ನು ಕಸಿದಿಟ್ಟುಕೊಳ್ಳುವುದು ನ್ಯಾಯವೇ ಎಂಬುದು ಬೇರೆಯೇ ಚರ್ಚೆ, ಅದನ್ನು ನಾವು ಬಿಡುವುದಿಲ್ಲ. ಆದರೆ ತೊಳೆಯದ ಕೋವಿಯನ್ನು ಒಯ್ದಿಟ್ಟು ತುಕ್ಕಿಗೆ ಪೊಲೀಸರನ್ನು ಬೈಯುವುದೂ ಸರಿಯಲ್ಲ. ಒಯ್ಯುವ ಮೊದಲು ತೊಳೆದು ಎಣ್ಣೆ ಹಾಕಿ, ನಿಪ್ಪಲಿನ ಮೇಲೆ ಎಣ್ಣೆಬಟ್ಟೆ ಕಟ್ಟಿ, ರಸೀತಿ ಪಡೆದುಕೊಂಡು ಬನ್ನಿ. ಹಿಂದಕ್ಕೆ ತಂದ ದಿನವೇ ಗಜ ಹಾಕಿ, ನಿಪ್ಪಲ್ ನೋಡಿ.

ಕೇಪುಗಳನ್ನು ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಇದನ್ನು ಇಂದೇ ನಿಲ್ಲಿಸಬೇಕು. ಗಾಳಿಯಾಡದ ಡಬ್ಬಿಯಲ್ಲಿ, ಮದ್ದಿನಿಂದ ಬೇರೆಯಾಗಿ, ಬೀಗದೊಳಗೆ ಇಡಬೇಕು. ಬೆಂಕಿಕಡ್ಡಿಯ ಮದ್ದು ಕೆರೆದು ಸಿಡಿದ ಕೇಪಿಗೆ ಮತ್ತೆ ತುಂಬುವ ‘ಉಪಾಯ’ವನ್ನು ಯಾರಾದರೂ ಹೇಳಿಕೊಡಲು ಬಂದರೆ ಅವರನ್ನು ಕಾಫಿ ಕುಡಿಸಿ ಕಳಿಸಿಬಿಡಿ. ಕೋವಿಯ ವಿಚಾರದಲ್ಲಿ ಮಿತವ್ಯಯ ತೋರಿಸುವ ಜಾಗ ಅದಲ್ಲ.

ಎರಡು ಆಕ್ಷೇಪಗಳು

ನಮ್ಮ ತಂದೆ, ಅಜ್ಜಂದಿರು ಯಾವ ಅಳತೆಯನ್ನೂ ನೋಡದೆ ಐವತ್ತು ವರ್ಷ ಹಾರಿಸಿದರು, ಅವರಿಗೆ ಏನೂ ಆಗಲಿಲ್ಲ ಎಂದು ಹಿರಿಯ ಸದಸ್ಯರು ಹೇಳುತ್ತಾರೆ. ಗೌರವಪೂರ್ವಕವಾಗಿ ನಾವು ಹೇಳುವುದೇನೆಂದರೆ, ಅವರು ಅಳತೆ ನೋಡಲಿಲ್ಲವೆಂಬುದು ನಿಜವಲ್ಲ. ಅವರಿಗೆ ಒಂದೇ ಪೇಟೆ, ಒಂದೇ ಅಂಗಡಿ, ಒಂದೇ ಗುರುತಿನ ಡಬ್ಬಿ. ಆ ಕೇಪಿಗೆ ಹೊಂದುವಂತೆ ನಿಪ್ಪಲನ್ನು ಒಮ್ಮೆ ಮಾಡಿಸಿಕೊಂಡಿದ್ದರು, ಮತ್ತೆ ಅಳೆಯುವ ಅಗತ್ಯ ಬೀಳಲಿಲ್ಲ. ಇಂದು ಒಂದು ವರ್ಷ ಸಿಕ್ಕ ಡಬ್ಬಿ ಮುಂದಿನ ವರ್ಷ ಸಿಗುವುದಿಲ್ಲ. ಏನೂ ಆಗಲಿಲ್ಲ ಎಂಬ ಮಾತಂತೂ, ಒಂದು ಕಣ್ಣಿಲ್ಲದ, ಎರಡು ಬೆರಳಿಲ್ಲದ ಹಿರಿಯರನ್ನು ಬಾಲ್ಯದಲ್ಲಿ ಕಂಡವರ ಮುಂದೆ ನಿಲ್ಲುವ ಮಾತಲ್ಲ.

ವರ್ಷಕ್ಕೆ ಹತ್ತು ಈಡು ಹಾರಿಸುವ ಕೋವಿಗೆ ಇಷ್ಟೆಲ್ಲ ಏಕೆ ಎಂಬುದು ಎರಡನೆಯ ಆಕ್ಷೇಪ. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ ಕಾರಣ. ದಿನವೂ ಬಳಸುವ ಕತ್ತಿಯ ಹಿಡಿ ಸಡಿಲವಾದರೆ ಕೈಗೆ ತಾನಾಗಿ ತಿಳಿಯುತ್ತದೆ. ವರ್ಷಕ್ಕೆ ಹತ್ತು ಸಲ ಮುಟ್ಟುವ ಕೋವಿಯ ದೋಷ ತಿಳಿಯುವುದು ಕತ್ತಲಲ್ಲಿ, ಮಳೆಯಲ್ಲಿ, ಅವಸರದಲ್ಲಿ. ಅದು ತಿಳಿಯಲು ತಕ್ಕ ಹೊತ್ತಲ್ಲ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಅನೇಕ ತೋಟಗಳಲ್ಲಿ ರಾತ್ರಿ ಕಾವಲಿಗೆ ಹೋಗುವವರು ಲೈಸೆನ್ಸುದಾರರಲ್ಲ, ಆಳುಗಳು. ಲೈಸೆನ್ಸಿನಲ್ಲಿ ಹೆಸರು ಸೇರಿಸದವನ ಕೈಗೆ ಕೋವಿ ಕೊಡುವುದು ಅಪರಾಧ. ಕಾನೂನಿನ ಮಾತು ಹಾಗಿರಲಿ, ಹೊಂದದ ಕೇಪಿನ ಕೋವಿಯನ್ನು ಅದರ ದೋಷ ಗೊತ್ತಿಲ್ಲದವನ ಕೈಗೆ ಕೊಟ್ಟು ನಾವು ಹೊದ್ದು ಮಲಗುವುದು ಯಾವ ಧರ್ಮ? ಚೂರು ಹಾರಿದರೆ ಹೋಗುವ ಕಣ್ಣು ನಮ್ಮದಲ್ಲವೆಂಬ ಧೈರ್ಯವೇ? ಕೂಲಿಗೆ ಬಂದವನ ಕಣ್ಣಿಗೂ ನಮ್ಮ ಮಕ್ಕಳ ಕಣ್ಣಿಗೂ ಒಂದೇ ಬೆಲೆ.

ಸಂಘದಿಂದ ಆಗಬೇಕಾದದ್ದು

ಸಂಘವು ಕೇಪು, ಮದ್ದು ಮಾರುವಂತಿಲ್ಲ, ಅದು ಲೈಸೆನ್ಸ್ ಪಡೆದ ವರ್ತಕರ ಕೆಲಸ. ಆದರೆ ಮಳೆಗಾಲಕ್ಕೆ ಮುಂಚೆ ಒಂದು ದಿನ, ಠಾಣೆಗೆ ತಿಳಿಸಿ ಒಪ್ಪಿಗೆ ಪಡೆದು, ಲೈಸೆನ್ಸ್ ಇರುವ ಒಬ್ಬ ರಿಪೇರಿಯವರನ್ನು ಸಂಘದ ಆವರಣಕ್ಕೆ ಕರೆಸಿ, ಸದಸ್ಯರು ತಮ್ಮ ಖಾಲಿ ಕೋವಿ ಹಾಗೂ ಲೈಸೆನ್ಸ್ ಪುಸ್ತಕ ತಂದು ನಿಪ್ಪಲ್ ತೋರಿಸಿಕೊಳ್ಳುವ ಏರ್ಪಾಡು ಮಾಡಬಹುದು. ಸ್ಪ್ರೇಯರ್ ರಿಪೇರಿ ಶಿಬಿರ ನಡೆಸುವ ನಾವು ಇದನ್ನು ನಡೆಸಲಾರೆವೇ? ಯಾರ ನಿಪ್ಪಲಿಗೆ ಯಾವ ಕೇಪು ಎಂಬ ಪಟ್ಟಿ ತಯಾರಾದರೆ ವರ್ತಕರಿಗೂ ಯಾವ ಮಾಲು ಎಷ್ಟು ತರಿಸಬೇಕೆಂದು ತಿಳಿಯುತ್ತದೆ. ಈ ಸಲಹೆಯನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಬರೆದು ತಿಳಿಸಬೇಕೆಂದು ಕೋರುತ್ತೇವೆ.

ಅಷ್ಟರವರೆಗೆ ಕಾಯಬೇಕಾದ ಅಗತ್ಯವೇನೂ ಇಲ್ಲ. ಬರುವ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಗಜ ಹಾಕಿ, ನಿಪ್ಪಲ್ ನೋಡಿ, ಐದು ಕೇಪು ಪರೀಕ್ಷಿಸಿ, ನಂಬರು ಬರೆದಿಡಿ. ಆ ಚೀಟಿಯನ್ನು ಲೈಸೆನ್ಸಿನಷ್ಟೇ ಜೋಪಾನವಾಗಿ ಕಾಪಾಡಿ.

— ಕಾರ್ಯದರ್ಶಿ